ರಾತ್ರಿ ಒಂಬತ್ತರವರೆಗೆ ‘ಸಾರ್’

ಕೊಡಗಿನ ಸಿದ್ದಾಪುರದಿಂದ ಮಾಲ್ದಾರೆ ಕಡೆಗೆ ಹೋಗುವಾಗ ಕಾಫಿ ತೋಟದೊಳಗೆ ಸಿಗುವ ಒಂದು ಹೋಂಸ್ಟೇ. ಹೆಸರು ಹಾಕಲ್ಲ. ಹಾಕಿದರೆ ಪೆಟ್ಟು ಬೀಳೋದು ಅಲ್ಲಿ ಕುಣಿಯುವವರ ಸಂಬಳಕ್ಕೆ.

ಮೈಸೂರಿನ ನಮ್ಮ ಬ್ಯಾಂಕಿನ ಮೂವರು ಗೆಳೆಯರ ಜೊತೆ ಎರಡು ರಾತ್ರಿ ಇದ್ದೆ. ಊಟದಲ್ಲಿ ಒಂದು ಮಾತಿಲ್ಲ. ಪಂದಿ ಕರಿ (ಹಂದಿ ಮಾಂಸದ ಸಾರು) ಕಪ್ಪಗೆ, ಅದಕ್ಕೆ ಹಾಕುವ ಕಪ್ಪು ಹುಳಿ ಕಾಚಂಪುಳಿಗೆ ಎಲ್ಲೂ ಕಂಜೂಸಿ ಮಾಡಿಲ್ಲ. ಕಡಂಬುಟ್ಟು, ಅಂದ್ರೆ ಅಕ್ಕಿ ತರಿಯ ಉಂಡೆ, ಹಬೆಯಾಡುತ್ತಲೇ ತಟ್ಟೆಗೆ ಬಂತು. ರೂಮು ಚೊಕ್ಕ, ಬಿಸಿನೀರು ಸರಿಯಾಗಿ ಬರುತ್ತೆ. ಜಿಗಣೆ ಇದೆ, ಉಪ್ಪಿನ ಪೊಟ್ಟಣ ಅವರೇ ಕೊಡ್ತಾರೆ. ನೆಟ್‌ವರ್ಕ್ ಗೇಟಿನ ಹತ್ತಿರ ಮಾತ್ರ.

ಎರಡನೇ ರಾತ್ರಿ ‘ಟ್ರೈಬಲ್ ನೈಟ್’. ಬೆಂಕಿ, ದುಡಿ, ಎಂಟು ಜನ ಕುಣಿಯುವವರು. ಮ್ಯಾನೇಜರ್ ಮೈಕ್ ಹಿಡಿದು, “ಇವರು ನಾಗರಹೊಳೆ ಕಾಡಿನ ಮಕ್ಕಳು, ಜೇನು, ಗೆಡ್ಡೆ ತಿಂದೇ ಬದುಕ್ತಾರೆ” ಅಂದರು. ಕುಣಿಯುತ್ತಿದ್ದವರು ಪಣಿಯೆರವರು, ನಮ್ಮ ಜನವೇ. ಪಣಿ ಅಂದ್ರೆ ಕೆಲಸ. ನಮ್ಮ ತಾತ ಜೇನು ಕಿತ್ತವನಲ್ಲ, ಒಡೆಯರ ಗದ್ದೆಯಲ್ಲಿ ನಾಟಿ ಮಾಡಿದವನು. 1976ರಲ್ಲಿ ಜೀತಕ್ಕೆ ಕಾಯ್ದೆ ಅಡ್ಡ ಬಂದ ಮೇಲೂ ಅವನಿಗೆ ತೋಟದ ಕೂಲಿಯಾಳುಗಳ ಅದೇ ಲೈನ್‌ಮನೆ, ತೀರದ ಅದೇ ಸಾಲ. ಜೇನು ಕುರುಬರು ಬೇರೆ, ಬೆಟ್ಟ ಕುರುಬರು ಬೇರೆ, ನಾವು ಬೇರೆ, ಮಾತೂ ಬೇರೆ. ದುಡ್ಡು ತಗೊಂಡು ಪರಿಚಯ ಮಾಡಿಸುವವರು ಇಷ್ಟಾದರೂ ತಿಳ್ಕೋಬೇಡವೇ?

ಕಾಡು ಅಂದರಲ್ಲ. ಆ ಎಂಟು ಜನರಲ್ಲಿ ನನ್ನ ಚಿಕ್ಕಮ್ಮನೂ ಇದ್ದಳು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿ ಹಾಡಿಯಲ್ಲಿ, ಅಂದ್ರೆ ನಮ್ಮಂಥವರ ಕೇರಿಯಲ್ಲಿ, ಕಾಡಿನ ಜಾಗ ಅಂತ ಐನೂರಕ್ಕೂ ಹೆಚ್ಚು ಗುಡಿಸಲು ಕೆಡವಿದಾಗ ಅವಳದ್ದೂ ಹೋಯ್ತು. ಈಗ ಬ್ಯಾಡಗೊಟ್ಟದಲ್ಲಿ ಸರ್ಕಾರದ ಮನೆ. ಅಲ್ಲಿಂದ ಪಿಕಪ್‌ನಲ್ಲಿ ತುಂಬಿಸಿಕೊಂಡು ಬರ್ತಾರೆ.

ಕುಣಿತ ಮುಗಿದದ್ದೇ ಚಿಕ್ಕಮ್ಮ ನನ್ನ ಕೆನ್ನೆ ಹಿಡಿದು ನಕ್ಕಳು. ಮ್ಯಾನೇಜರ್ ನೋಡಿದರು.

“ಇವಳು ನಿಮ್ಗೆ ಗೊತ್ತಾ ಸಾರ್?”

“ನಮ್ಮ ಚಿಕ್ಕಮ್ಮ.”

ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಹೆಗಲ ಮೇಲೆ ಕೈ ಹಾಕಿ, “ಓ, ನೀನು ನಮ್ಮವನೇ! ಯಾವ ಹಾಡಿ ನಿಂದು?”

ಸಿಟ್ಟಲ್ಲಿ ಹೇಳಿದ್ದಲ್ಲ, ಪ್ರೀತಿಯಿಂದಲೇ. ಅದಕ್ಕೇ ತಿರುಗಿಸಿ ಏನೂ ಹೇಳಕ್ಕಾಗಲಿಲ್ಲ. ಗೆಳೆಯರಿಗೆ ಆಗಲೂ ‘ಸಾರ್’, ‘ನೀವು’. ನಮಗೆ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು. ಚಿಕ್ಕಮ್ಮನವರಿಗೆ ಹಿಂದುಗಡೆ, ಸೌದೆ ಕೊಟ್ಟಿಗೆ ಹತ್ತಿರ, ಪೇಪರ್ ಲೋಟ. ನಾನು ಕಪ್ಪು ಹಿಡ್ಕೊಂಡು ಅಲ್ಲಿಗೇ ಹೋಗಿ ಕೂತೆ. ಅವಳು ಕಪ್ಪನ್ನೇ ನೋಡಿ, “ಜೋಪಾನ, ಒಡೆದ್ರೆ ನಮ್ಮ ಕೂಲಿಯಲ್ಲಿ ಹಿಡೀತಾರೆ” ಅಂದಳು.

ಬೆಳಿಗ್ಗೆ ಮ್ಯಾನೇಜರ್ ಇನ್ನೊಂದು ಪ್ಯಾಕೇಜ್ ಹೇಳಿದರು: ಮೇ ತಿಂಗಳಲ್ಲಿ ಬಂದರೆ ದೇವರಪುರದ ಕುಂಡೆ ಹಬ್ಬ ತೋರಿಸ್ತಾರಂತೆ, “ಬೈಗುಳದ ಹಬ್ಬ, ಭಾರಿ ಮಜಾ.” ದೇವರನ್ನೂ ಧಣಿಯನ್ನೂ ನಾವು ಬಾಯಿಗೆ ಬಂದಂತೆ ಬೈಯುವ ದಿನ ಅದು. ವರ್ಷಕ್ಕೊಂದು ದಿನ ಏಕವಚನ ನಮ್ಮ ಕಡೆ ಇರುತ್ತೆ. ಅದಕ್ಕೂ ಟಿಕೆಟ್!

ಊಟಕ್ಕೆ ಐದರಲ್ಲಿ ಐದು. ಕಡಂಬುಟ್ಟು ಬೇಕಿದ್ದರೆ ಹಿಂದಿನ ದಿನವೇ ಹೇಳಿ. ಕುಣಿತದ ಚಾರ್ಜು ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತೆ. ಕೊಡಬೇಕು ಅನ್ನಿಸಿದರೆ ಕುಣಿದವರ ಕೈಗೇ ಕೊಡಿ, ಪಿಕಪ್ ಹೊರಡೋದು ಹತ್ತು ಗಂಟೆಗೆ. ನಾವು ಹೊರಡುವಾಗ ಮ್ಯಾನೇಜರ್ ಗೆಳೆಯರಿಗೆ “ಮತ್ತೆ ಬನ್ನಿ ಸಾರ್” ಅಂದರು. ನನಗೆ, “ಬರ್ತಾ ಇರೋ.”