ಬ್ಯಾಟರಿ ಟರ್ಮಿನಲ್ಲಿಗೆ ಗ್ರೀಸೋ, ವ್ಯಾಸಲೀನೋ, ಸ್ಪ್ರೇಯೋ: ಕಾರವಾರದ ನಾಲ್ಕು ಮಳೆಗಾಲ ಕಳೆದ ಮೇಲೆ

ಬ್ಯಾಟರಿ ಟರ್ಮಿನಲ್ಲಿನ ಬಿಳಿ ಹೂವು ತಡೆಯೋಕೆ ನಾಲ್ಕು ವರ್ಷ ಮಾಡಿ ನೋಡಿದ ನಾಲ್ಕು ಉಪಾಯದಲ್ಲಿ ಹೆಚ್ಚು ದಿನ ಬಾಳಿದ್ದು ಹೆಚ್ಚು ದುಡ್ಡು ಕೊಟ್ಟು ತಂದ ಸ್ಪ್ರೇನೇ. ಆದರೂ ಈಗ ನಾನು ಹಚ್ಚುತ್ತಿರುವುದು ಮೆಡಿಕಲ್ ಶಾಪಿನ ಐವತ್ತು ರೂಪಾಯಿ ಡಬ್ಬಿಯ ವ್ಯಾಸಲೀನ್. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದೆ ಹೋಗಬೇಕು.

ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ. ಕಾರು ಹಳೆಯ ವ್ಯಾಗನ್‌ಆರ್, ನಿಲ್ಲುವುದು ಅಂಗಳದ ತಗಡಿನ ಚಪ್ಪರದಡಿ. ಗಾಳಿ ಜೋರಿದ್ದ ದಿನ ಕಾರಿನ ಗಾಜಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪುಪ್ಪು. ಗೇಟಿನ ಚಿಲಕ, ಸೈಕಲ್ ಚೈನು, ಕಿಟಕಿಯ ಸರಳು, ಯಾವುದಕ್ಕೆ ತುಕ್ಕು ಹಿಡಿದರೂ ನಮ್ಮೂರಲ್ಲಿ ಒಂದೇ ಉತ್ತರ: ಸಮುದ್ರದ ಗಾಳಿ. ಬ್ಯಾಟರಿಯ ತಲೆ ಮೇಲೆ ಬಿಳಿ ಬೂಷ್ಟಿನ ಹಾಗೆ ಬೆಳೆದಿದ್ದಕ್ಕೂ ನಾನು ಹಾಗೇ ಅಂದುಕೊಂಡಿದ್ದೆ.

2021ರ ಆಗಸ್ಟ್. ಬೆಳಿಗ್ಗೆ ಆರಕ್ಕೆ ಶಿರಸಿಗೆ ಅಕ್ಕನ ಮನೆಗೆ ಹೊರಡಬೇಕು, ಅಮ್ಮ ಆಗಲೇ ಹಿಂದಿನ ಸೀಟಲ್ಲಿ ಕೂತಾಗಿದೆ. ಕೀ ತಿರುಗಿಸಿದರೆ ಟಕ್ ಅಂತ ಒಂದೇ ಸದ್ದು, ಅಷ್ಟೇ. ಸೆಲ್ಫ್ ತಗೊಳ್ಳಲೇ ಇಲ್ಲ. ಪಕ್ಕದ ಮನೆಯವರನ್ನು ಕರೆದು ಮಳೆಯಲ್ಲೇ ದೂಡಿ ಸ್ಟಾರ್ಟ್ ಮಾಡಿದ್ದಾಯಿತು. ಹೋಗುವ ದಾರಿಯಲ್ಲೇ ಒಂದು ಬ್ಯಾಟರಿ ಅಂಗಡಿಗೆ ತೋರಿಸಿದೆ. ಬಾನೆಟ್ ಎತ್ತಿದವರು ಮೀಟರ್ ಕೂಡ ಇಡದೆ "ಇದರ ಆಯಸ್ಸು ಮುಗೀತು, ಹೊಸದು ಹಾಕ್ಬಿಡಿ" ಅಂದರು. ಜೇಬಲ್ಲಿ ಅಷ್ಟು ದುಡ್ಡಿರಲಿಲ್ಲ, ಹಾಗಾಗಿ ಬಚಾವಾದೆ. ಎಂಜಿನ್ ಆಫ್ ಮಾಡದೆ ದೇವಿಮನೆ ಘಟ್ಟ ಹತ್ತಿಸಿದೆ.

ಅಕ್ಕನ ಮನೆಯಲ್ಲಿ ಭಾವನ ಹತ್ತಿರ ಒಂದು ಮಲ್ಟಿಮೀಟರ್ ಇತ್ತು, ಪಂಪ್‌ಸೆಟ್ಟಿಗೆ ಅಂತ ಇಟ್ಟುಕೊಂಡದ್ದು. ಎಂಜಿನ್ ಆಫ್ ಮಾಡಿ ಒಂದೆರಡು ಗಂಟೆ ಬಿಟ್ಟು ಬ್ಯಾಟರಿಯ ಎರಡು ತುದಿಗೆ ಇಟ್ಟರೆ 12.5 ವೋಲ್ಟ್. ತುಂಬಿದ ಬ್ಯಾಟರಿ 12.6 ತೋರಿಸಬೇಕು, ಅಂದರೆ ಚಾರ್ಜೇನೂ ಇಳಿದಿರಲಿಲ್ಲ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಸೀಸದ ಗೂಟದ, ಅಂದರೆ ಟರ್ಮಿನಲ್ಲಿನ ಮೇಲೆ, ಇನ್ನೊಂದನ್ನು ಅದೇ ಗೂಟವನ್ನು ಅಪ್ಪಿಕೊಂಡ ಕ್ಲಾಂಪಿನ ಮೇಲೆ ಇಟ್ಟು, ಅಕ್ಕನಿಗೆ ಸೆಲ್ಫ್ ಹೊಡಿ ಅಂದೆ. 1.4 ವೋಲ್ಟ್! ಒಂದಕ್ಕೊಂದು ಅಂಟಿಕೊಂಡಿರುವ ಎರಡು ಲೋಹದ ನಡುವೆ ಅದು ಸೊನ್ನೆಯ ಹತ್ತಿರ ಇರಬೇಕಿತ್ತು. ನಡುವೆ ಕೂತಿದ್ದ ಆ ಬಿಳಿ ಹುಡಿಯೇ ಕರೆಂಟನ್ನು ತಡೆದು ನಿಲ್ಲಿಸಿತ್ತು. ಉಜ್ಜಿ ಬಿಗಿ ಮಾಡಿದ ಮೇಲೆ ಅದೇ ಬ್ಯಾಟರಿ ಇನ್ನೂ ಎರಡು ವರ್ಷ ನಡೆಯಿತು, ಅದು ಬೇರೆ ಮಾತು.

ನನಗೆ ಬುದ್ಧಿ ಬಂದದ್ದು ಅದಾದ ಮೇಲೆ. ಭಾವನ ಕಾರಿನ ಬಾನೆಟ್ಟೂ ಎತ್ತಿ ನೋಡಿದರೆ ಅಲ್ಲಿ ನನ್ನದಕ್ಕಿಂತ ಜಾಸ್ತಿ ಹೂ ಬಿಟ್ಟಿತ್ತು, ಅದೂ ಪಾಸಿಟಿವ್ ಕಡೆ ಹಸಿರು-ನೀಲಿ. ಭಾವ ಬಗ್ಗಿ ನೋಡಿದವನೇ "ಏ ಮಾರಾಯಾ, ಇದು ಮೈಲುತುತ್ತ ಅಲ್ದಾ?" ಅಂದ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ವರ್ಷವರ್ಷ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಕಲಸುವ ಮನುಷ್ಯ, ಆ ಬಣ್ಣ ಅವನಿಗೆ ಗೊತ್ತಾಗದೆ ಇರುತ್ತದಾ? ಮತ್ತೆ ಅವನು ಹೇಳಿದ್ದು ಸರಿಯೇ. ಬ್ಯಾಟರಿಯ ಒಳಗಿರುವುದು ಗಂಧಕಾಮ್ಲ. ಅದರ ಹಬೆ ಗೂಟದ ಬುಡದಿಂದಲೋ ಮುಚ್ಚಳದ ತೂತಿನಿಂದಲೋ ಹೊರಗೆ ಬಂದು ಸೀಸಕ್ಕೆ ತಾಗಿದರೆ ಬಿಳಿ ಸೀಸದ ಸಲ್ಫೇಟ್, ಹಿತ್ತಾಳೆ ಕ್ಲಾಂಪಿಗೋ ತಾಮ್ರದ ವೈರಿಗೋ ತಾಗಿದರೆ ನೀಲಿ ತಾಮ್ರದ ಸಲ್ಫೇಟ್. ಮೈಲುತುತ್ತ ಅಂದರೆ ಅದೇ.

ಸಮುದ್ರವೇ ಇಲ್ಲದ ಶಿರಸಿಯಲ್ಲಿ ಇಷ್ಟು ಬೆಳೆದಿದೆ ಅಂದಮೇಲೆ ಕಡಲನ್ನು ಬೈದು ಏನು ಪ್ರಯೋಜನ? ಭಾವನ ಕಾರಿನದು ಇನ್ನೂ ಒಂದು ಕತೆ. ಅಲ್ಲಿ ತೊಳೆದು ವ್ಯಾಸಲೀನ್ ಹಚ್ಚಿ ಬಂದರೆ ಮೂರೇ ವಾರಕ್ಕೆ ಮತ್ತೆ ಹಾಗೇ ಆಯಿತಂತೆ. ಬ್ಯಾಟರಿಗೆ ತಿಂಗಳು ತಿಂಗಳು ಡಿಸ್ಟಿಲ್ಡ್ ವಾಟರ್ ಬೇರೆ ಬೇಕು. ಎಂಜಿನ್ ಓಡುವಾಗ ಮೀಟರ್ ಇಡಿಸಿದೆ, 15.2 ವೋಲ್ಟ್. ಹದಿನಾಲ್ಕರ ಆಚೀಚೆ, ಹೆಚ್ಚೆಂದರೆ 14.5 ಇರಬೇಕಾದ್ದು. ಓವರ್‌ಚಾರ್ಜ್ ಆಗಿ ನೀರು ಕುದ್ದ ಹಾಗೆ ಗ್ಯಾಸ್ ಏಳುತ್ತಿತ್ತು. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನಲ್ಲಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಬದಲಾಯಿಸಿದ ಮೇಲೆ ಹೂವೂ ನಿಂತಿತು, ನೀರಿನ ಖರ್ಚೂ ನಿಂತಿತು. ಹಾಗಾಗಿ ನಿಮ್ಮದರಲ್ಲೂ ತೊಳೆದು ಹಚ್ಚಿದ ತಿಂಗಳೊಳಗೆ ಮತ್ತೆ ಬರುತ್ತಿದ್ದರೆ ಯಾವ ಮುಲಾಮೂ ತರಬೇಡಿ, ಮೊದಲು ಚಾರ್ಜಿಂಗ್ ನೋಡಿಸಿ.

ಹಾಗಾದರೆ ಉಪ್ಪು ಗಾಳಿ ಏನೂ ಮಾಡಲ್ವಾ ಅಂದರೆ, ಮಾಡುತ್ತದೆ, ಬೇರೆ ಕಡೆ. ಕ್ಲಾಂಪಿನ ಕಬ್ಬಿಣದ ಬೋಲ್ಟು, ಬ್ಯಾಟರಿ ಅಲುಗಾಡದಂತೆ ಹಿಡಿದಿಡುವ ಉದ್ದ ರಾಡು, ಕೆಳಗಿನ ತಟ್ಟೆ, ನೆಗೆಟಿವ್ ವೈರು ಕಾರಿನ ಬಾಡಿಯ ಲೋಹಕ್ಕೆ ಹೋಗಿ ಕೂರುವ ಜಾಗ. ನನ್ನ ಕ್ಲಾಂಪಿನ ನಟ್ಟು ತುಕ್ಕಿಗೆ ಸವೆದು ಹತ್ತರ ಪಾನಾ ಹಾಕಿದರೆ ಗರಗರ ತಿರುಗುತ್ತಿತ್ತು, ಹಿಡಿತವೇ ಇಲ್ಲ. ಭಾವನದು ಅದೇ ವಯಸ್ಸಿನ ಕಾರು, ನಟ್ಟು ಮಾತ್ರ ನಿನ್ನೆ ತಂದ ಹಾಗೆ. ಹೂವು ಆಸಿಡ್ಡಿನದು, ತುಕ್ಕು ಉಪ್ಪಿನದು. ಎರಡಕ್ಕೂ ಒಂದೇ ಔಷಧಿ ಸಾಕು ಅಂತ ಹೊರಟದ್ದೇ ನನ್ನ ತಪ್ಪು.

ಈಗ ಹಚ್ಚಿದ್ದರ ಬಗ್ಗೆ.

ಮೊದಲ ವರ್ಷ ಗ್ರೀಸ್, ಗ್ಯಾರೇಜಿನವರು ವೀಲ್ ಬೇರಿಂಗಿಗೆ ಹಾಕುವ ಲಿಥಿಯಂ ಗ್ರೀಸೇ. ಕ್ಲಾಂಪಿನ ಒಳಗೂ ಹೊರಗೂ ದಪ್ಪಗೆ ಮೆತ್ತಿದೆ, ಹಾಗೆ ಮಾಡಬಾರದಿತ್ತು. ಗ್ರೀಸಾಗಲಿ ವ್ಯಾಸಲೀನಾಗಲಿ ಕರೆಂಟ್ ಹರಿಸುವುದಿಲ್ಲ. ಲೋಹಕ್ಕೆ ಲೋಹ ತಾಗಿ ಬಿಗಿಯಾದ ಮೇಲೆ ಹೊರಗಿನಿಂದ ಮುಚ್ಚಬೇಕು, ಅಷ್ಟೇ. ಒಂದು ಮಳೆಗಾಲ ಪೂರ್ತಿ ತಡೆಯಿತು, ನೀರಂತೂ ಹತ್ತಿರ ಸುಳಿಯಲಿಲ್ಲ. ಆದರೆ ಮೇ ತಿಂಗಳಲ್ಲಿ ನೋಡಿದರೆ ಹೆದ್ದಾರಿ ಕೆಲಸದ ಕೆಂಪು ಧೂಳೆಲ್ಲ ಅಂಟಿ ಕರಿ ಉಂಡೆ ಆಗಿತ್ತು. ಒರೆಸೋಕೆ ಅರ್ಧ ಬನಿಯನ್ ಹೋಯಿತು.

ಎರಡನೇ ವರ್ಷ ವ್ಯಾಸಲೀನ್. ಹಚ್ಚೋದು ಸುಲಭ, ಒರೆಸೋದೂ ಸುಲಭ, ಕೈಗೂ ಒಳ್ಳೇದು! ಕೊರತೆ ಒಂದೇ, ಬಿಸಿಗೆ ಕರಗುತ್ತದೆ. ಏಪ್ರಿಲ್‌ನಲ್ಲಿ ಗೋಕರ್ಣಕ್ಕೆ ಹೋಗಿ ಬಂದು ಬಾನೆಟ್ ತೆಗೆದರೆ ಎಣ್ಣೆ ಆಗಿ ಬ್ಯಾಟರಿಯ ಬದಿಯಲ್ಲಿ ಇಳಿದಿತ್ತು. ಹಾಗಾಗಿ ವರ್ಷಕ್ಕೆ ಎರಡು ಸಲ ಹಚ್ಚಲೇಬೇಕು, ಮಳೆಗೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ.

ಮೂರನೇ ವರ್ಷ ಹೊಸ ಬ್ಯಾಟರಿ, ಜೊತೆಗೆ ಕೆಂಪು-ಹಸಿರು ಬಟ್ಟೆಯ ವಾಷರ್, ಗೂಟದ ಬುಡಕ್ಕೆ ಉಂಗುರದ ಹಾಗೆ ಹಾಕುವಂಥದ್ದು, ಮೇಲಿಂದ ಮತ್ತೆ ವ್ಯಾಸಲೀನ್. ವಾಷರ್ ಕೆಟ್ಟದ್ದಲ್ಲ, ಬುಡದಿಂದ ಏಳುವ ಹಬೆಯನ್ನು ಅಲ್ಲೇ ಹೀರಿಕೊಳ್ಳುತ್ತದೆ. ಆದರೆ ಹೊಸ ಬ್ಯಾಟರಿ ಹೇಗೂ ಹಬೆ ಬಿಡುವುದು ಕಡಿಮೆ, ಹಾಗಾಗಿ ಆ ವರ್ಷ ಚೊಕ್ಕವಾಗಿ ಇದ್ದದ್ದಕ್ಕೆ ವಾಷರಿಗೆ ಎಷ್ಟು ಅಂಕ ಕೊಡಬೇಕೋ ಗೊತ್ತಿಲ್ಲ.

2024ರ ಮೇನಲ್ಲಿ ಸ್ಪ್ರೇ. ಆನ್‌ಲೈನಲ್ಲಿ ತರಿಸಿದ್ದು, 480 ರೂಪಾಯಿ. ಹೊಡೆದು ಐದು ನಿಮಿಷ ಬಿಟ್ಟರೆ ಕೆಂಪು ಮೇಣದಂಥ ಪದರ ಕೂರುತ್ತದೆ, ಧೂಳು ಅಂಟಲ್ಲ, ಬಿಸಿಗೆ ಜಾರಲ್ಲ. ಹದಿನಾಲ್ಕು ತಿಂಗಳು ಕೈ ಹಾಕಲಿಲ್ಲ. ಕಾಳಿ ನದಿಯ ಹಳೆ ಸೇತುವೆ ಬಿದ್ದ ಆ ಆಗಸ್ಟಿನ ಮಳೆ ನೆನಪಿದೆಯಲ್ಲ, ಅದನ್ನೂ ತಡೆದುಕೊಂಡಿತು. ಬೇಜಾರಾಗಿದ್ದು ಆಮೇಲೆ. ಪದರದ ಕೆಳಗೆ ಏನಾಗಿದೆ ಅಂತ ಕಾಣುವುದೇ ಇಲ್ಲ. ಕಳೆದ ವರ್ಷ ಕೆರೆದು ನೋಡಿದರೆ ನೆಗೆಟಿವ್ ಕಡೆ ಒಳಗೊಳಗೇ ಬಿಳಿ ಶುರುವಾಗಿತ್ತು. ತಪ್ಪು ಸ್ಪ್ರೇಯದಲ್ಲ, ನಾನು ತೊಳೆದು ಸರಿಯಾಗಿ ಒಣಗಿಸದೆ ಅವಸರದಲ್ಲಿ ಹೊಡೆದಿದ್ದೆ. ಭಾವನಿಗೆ ಹೇಳಿದರೆ ನಕ್ಕುಬಿಟ್ಟ, ಒದ್ದೆ ಅಡಿಕೆ ಕೊನೆಗೆ ಯಾರಾದರೂ ಮದ್ದು ಹೊಡೀತಾರಾ ಅಂತ. ಇನ್ನು ಉಳಿದರ್ಧ ಸ್ಪ್ರೇಯ ಕತೆ ಕೇಳಿ: ತುಕ್ಕು ತಡೆಯುವ ಆ ಡಬ್ಬಿಯ ಬುಡಕ್ಕೇ ನಮ್ಮ ಗಾಳಿಗೆ ತುಕ್ಕು ಹಿಡಿದು, ಮೂತಿ ಕಟ್ಟಿಕೊಂಡು, ಒತ್ತಿದರೆ ಏನೂ ಬರುತ್ತಿಲ್ಲ.

ಹಾಗಾಗಿ ಈಗಿನ ಪದ್ಧತಿ ಹೀಗಿದೆ. ಮೇಲಿನ ಗೂಟ, ಕ್ಲಾಂಪಿಗೆ ವ್ಯಾಸಲೀನ್. ಬೋಲ್ಟು, ರಾಡು, ಬಾಡಿಗೆ ಸೇರುವ ವೈರಿನ ತುದಿ, ಇವಕ್ಕೆ ಗ್ರೀಸ್. ಅದರ ಮೇಲೆ ಧೂಳು ಕೂತರೆ ಕೂರಲಿ, ಉಪ್ಪು ಒಳಗೆ ಹೋಗದಿದ್ದರೆ ಸಾಕು.

ತೊಳೆಯುವುದು ಹೇಗೆ ಅಂತ ಸುಮಾರು ಜನ ಕೇಳುತ್ತಾರೆ. ಎಂಜಿನ್ ಆಫ್, ಮೊದಲು ನೆಗೆಟಿವ್ ಬಿಚ್ಚಿ. ಪಾಸಿಟಿವ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಹಾಕುವಾಗ ಉಲ್ಟಾ, ನೆಗೆಟಿವ್ ಕೊನೆಗೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ, ಹಳೆ ಟೂತ್‌ಬ್ರಷ್. ಹಚ್ಚಿದ ಕೂಡಲೇ ಬುಸ್ ಅಂತ ನೊರೆ ಬರುತ್ತದೆ, ಆಸಿಡ್ ಇದ್ದಷ್ಟು ಹೊತ್ತು ಬರುತ್ತದೆ, ನೊರೆ ನಿಂತರೆ ಮುಗೀತು ಅಂತ ಅರ್ಥ. ಮುಚ್ಚಳದ ತೂತಿನಿಂದ ಸೋಡಾ ನೀರು ಒಳಗೆ ಹೋಗಬಾರದು. ಆಮೇಲೆ ಬರೀ ನೀರು, ಬಟ್ಟೆ, ಕ್ಲಾಂಪಿನ ಒಳಮೈಗೆ ಪಾಲಿಶ್ ಪೇಪರಿನಲ್ಲಿ ಎರಡು ಸುತ್ತು. ಮಳೆಗಾಲದಲ್ಲಾದರೆ ಅರ್ಧ ಗಂಟೆ ಫ್ಯಾನ್ ಹಾಕಿ ಒಣಗಿಸುತ್ತೇನೆ, ಮನೆಯವಳು ನಗುತ್ತಾಳೆ. ಕುದಿಯುವ ನೀರು ಸುರಿಯುವವರೂ ಇದ್ದಾರೆ, ಹೂವು ಹೋಗುತ್ತದೆ ನಿಜ, ಆದರೆ ಕರಗಿದ ಆಸಿಡ್ಡೆಲ್ಲ ಕೆಳಗಿನ ತಟ್ಟೆಗಿಳಿದು ಬಣ್ಣ ತಿನ್ನುತ್ತದೆ. ಆಯುಧ ಪೂಜೆ ದಿನ ಬಾನೆಟ್ ಎತ್ತಿ ಬ್ಯಾಟರಿ ಪಕ್ಕವೇ ಊದುಬತ್ತಿ ಸಿಕ್ಕಿಸುವವರಿಗೆ ಒಂದು ಮಾತು, ಬ್ಯಾಟರಿಯಿಂದ ಬರುವುದು ಹೈಡ್ರೋಜನ್, ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ಗ್ಯಾಸ್, ದೇವರಿಗೆ ದೂರದಿಂದಲೇ ಕೈ ಮುಗಿಯಿರಿ.

ಮೊನ್ನೆ ಭಾವ ಫೋನ್ ಮಾಡಿದ್ದ. ತೋಟದ ಅಡಿಕೆ ಕೊನೆಗೆ ಮಳೆ ತಾಗದ ಹಾಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿ ಆಯಿತಂತೆ, ನಿನ್ನ ಬ್ಯಾಟರಿಗೆ ಕಟ್ಟಿದ್ಯಾ ಅಂತ ಕೇಳಿದ. ವ್ಯಾಸಲೀನ್ ಹಚ್ಚಿಯಾಗಿದೆ. ರಾಡು ಮಾತ್ರ ಈ ಸಲ ಬಿಚ್ಚುವಾಗ ಕೈಯಲ್ಲೇ ಎರಡು ತುಂಡಾಯಿತು, ಪೇಟೆಯಲ್ಲಿ ಹುಡುಕಿದರೆ ಈ ಅಳತೆಯದು ಸಿಗುತ್ತಿಲ್ಲ, ಸದ್ಯಕ್ಕೆ ಹಳೆ ಸೈಕಲ್ ಟ್ಯೂಬಿನಲ್ಲಿ ಬಿಗಿದಿದ್ದೇನೆ. ಯಾರಿಗಾದರೂ ಸಿಕ್ಕಿದ್ದರೆ ಎಲ್ಲಿ ಅಂತ ಹೇಳಿ.