ಶಾರ್ಕ್ ಯಾವ ಜಾತಿಯದು: ರೆಕ್ಕೆ ನೋಡುವುದೋ, ಡಿಎನ್‌ಎ ಕಳಿಸುವುದೋ?

ಮಲ್ಪೆಯ ಬಂದರಿನಲ್ಲಿ ಇಡೀ ಮೀನು ಕಣ್ಣೆದುರಿಗಿದ್ದರೆ ಮೊದಲು ಮೈಲಕ್ಷಣ ನೋಡಿ. ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಸುತ್ತಿಗೆ ತಲೆಯ ಶಾರ್ಕ್ ಆದರೆ ತಲೆಯ ಮುಂದಿನ ಅಂಚನ್ನು ಗಮನಿಸಿ. ನಟ್ಟನಡುವೆ ಕಚ್ಚು (ಒಳಸರಿದ ತಗ್ಗು) ಇದ್ದು, ಅಂಚು ಕಮಾನಿನಂತಿದ್ದರೆ ಸ್ಫಿರ್ನಾ ಕುಲದ ಲೆವಿನಿ ಜಾತಿ. ಕಚ್ಚೇ ಇಲ್ಲದಿದ್ದರೆ ಝೈಗೀನಾ. ಕಚ್ಚು ಇದ್ದೂ ಅಂಚು ಹೆಚ್ಚುಕಡಿಮೆ ನೆಟ್ಟಗಿದ್ದು, ಬೆನ್ನುರೆಕ್ಕೆ ಕುಡುಗೋಲಿನಂತೆ ಎತ್ತರವಿದ್ದರೆ ಮೊಕರಾನ್.

ತೊಡಕಿರುವುದು ಸೊರ್ರಾ, ಲಿಂಬಾಟಸ್, ಬ್ರೆವಿಪಿನ್ನಾದಂಥ ಜಾತಿಗಳಿರುವ ಕಾರ್ಕರೈನಸ್ ಕುಲದಲ್ಲಿ. ರೆಕ್ಕೆಯ ಕಪ್ಪು ತುದಿಯನ್ನಷ್ಟೇ ನಂಬಬೇಡಿ, ಅದು ಹಲವು ಜಾತಿಗಳಿಗಿದೆ. ಎರಡು ಬೆನ್ನುರೆಕ್ಕೆಗಳ ನಡುವೆ ಬೆರಳಾಡಿಸಿ: ಏಣು (ಚರ್ಮದ ಉಬ್ಬುಗೆರೆ) ತಗುಲಿದರೆ ಸೊರ್ರಾ ಇರಬಹುದು, ಲಿಂಬಾಟಸ್ ಅಂತೂ ಅಲ್ಲ. ಬಲಿತ ಬ್ರೆವಿಪಿನ್ನಾಕ್ಕೆ ಗುದರೆಕ್ಕೆಯ ತುದಿಯೂ ಕಪ್ಪು. ಎಳೆಯ ಮರಿಗಳಿಗೆ ಆ ಗುರುತೇ ಇರುವುದಿಲ್ಲ, ಎಡವುವುದು ಅಲ್ಲೇ.

ಒಣಗಿಸಿದ ರೆಕ್ಕೆಗೆ, ಚರ್ಮ ಸುಲಿದ ತುಂಡಿಗೆ ಡಿಎನ್‌ಎಯೇ ಗತಿ. ಅಕ್ಕಿಕಾಳಿನಷ್ಟು ಮಾಂಸ ತೆಗೆದು 95% ಎಥನಾಲ್‌ನಲ್ಲಿಡಿ, ಪ್ರತಿ ಮೀನಿಗೂ ಬ್ಲೇಡ್ ಬದಲಿಸಿ. ಫಾರ್ಮಲಿನ್ ಬೇಡ, ಅದು ಡಿಎನ್‌ಎಯನ್ನೇ ಕೆಡಿಸುತ್ತದೆ. ಜಾತಿ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದಿದರೆ ಸಾಮಾನ್ಯವಾಗಿ ಸಾಕು; ಸಂಸ್ಕರಿಸಿದ ಸರಕಿಗೆ ಅದೇ ಬಗೆಯ, ಅದಕ್ಕಿಂತ ಚಿಕ್ಕ ತುಣುಕನ್ನು ಓದುವ ಮಿನಿ ಬಾರ್‌ಕೋಡ್.

ಹಾಗಂತ ಲ್ಯಾಬಿನ ಮಾತೂ ಕೊನೆಯದಲ್ಲ. ಸಿಒಐ ಬರುವುದು ತಾಯಿಯಿಂದ ಮಾತ್ರ. ಆಸ್ಟ್ರೇಲಿಯಾದಲ್ಲಿ ಲಿಂಬಾಟಸ್ ಮತ್ತು ಟಿಲ್ಸ್ಟೋನಿ ಬೆರೆತ ಮಿಶ್ರತಳಿಗಳು 2012ರಲ್ಲಿ ವರದಿಯಾದವು. ಇದೊಂದೇ ಜೀನ್ ಓದಿದರೆ ಅವು ತಾಯಿಯ ಜಾತಿಯೆಂದೇ ಬರುತ್ತವೆ. ಅಂಥಲ್ಲಿ ತಂದೆತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಜೀನನ್ನೂ ಓದಿಸಿ, ಬೆನ್ನೆಲುಬಿನ ಮಣಿಗಳನ್ನೂ ಎಣಿಸಿ.