ಎಕ್ಸಿಕ್ಯುಟಿವ್ ಲೌಂಜಿನ ಪೆಗ್ಗಿಗಿಂತ ಬಾರಿನ ಪೆಗ್ಗೇ ಅಗ್ಗ: ಒಂದು ಹೋಲಿಕೆ

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಸ್ಟಾರ್ ಹೋಟೆಲಿನಲ್ಲಿ ಒಬ್ಬನೇ ಒಂದು ರಾತ್ರಿ ತಂಗುವುದಾದರೆ, ಎಕ್ಸಿಕ್ಯುಟಿವ್ ಲೌಂಜಿನ ಸೌಲಭ್ಯವಿರುವ ದುಬಾರಿ ಕೋಣೆಯನ್ನು ಬಿಟ್ಟು ಅದೇ ಹೋಟೆಲಿನ ಸಾಧಾರಣ ಕೋಣೆಯನ್ನು ಹಿಡಿದು, ಕುಡಿದ ಪೆಗ್ಗಿಗೆ ಬಾರಿನಲ್ಲಿ ಹಣ ಕೊಡುವುದೇ ಲಾಭ. ಎರಡು ಬಗೆಯಲ್ಲೂ ಉಳಿದು, ಎರಡೂ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ತುಮಕೂರು ಬಳಿಯ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಬಿಡಿಭಾಗಗಳ ಘಟಕ ನಡೆಸುವ ನನಗೆ ಖರೀದಿದಾರರನ್ನು ಕಾಣಲು, ಮಾದಾವರದ ಪ್ರದರ್ಶನ ಕೇಂದ್ರದ ಮೇಳಗಳಿಗೆ ಹೋಗಲು ಬೆಂಗಳೂರಿನಲ್ಲಿ ಆಗಾಗ ಉಳಿಯಬೇಕಾಗುತ್ತದೆ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರಕ್ಕೆ ಹೋಟೆಲ್ ಏಕೆ ಎಂದು ಮನೆಯಲ್ಲೂ ಕೇಳುತ್ತಾರೆ. ಸಂಜೆ ಎರಡು ಲಾರ್ಜ್ ವಿಸ್ಕಿ ತೆಗೆದುಕೊಳ್ಳುವುದು ನನ್ನ ರೂಢಿ, ಕುಡಿದ ಮೇಲೆ ಸ್ಟಿಯರಿಂಗ್ ಮುಟ್ಟದಿರುವುದು ನನ್ನ ನಿಯಮ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಸಾರ ಕಂಡುಬಂದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡದ ಮಾತು ಹಾಗಿರಲಿ, ರಾತ್ರಿ ಹೊತ್ತು ನೆಲಮಂಗಲದ ಆಚೆ ಲಾರಿಗಳ ನಡುವೆ ಆ ಹೆದ್ದಾರಿಯಲ್ಲಿ ಕುಡಿದು ಗಾಡಿ ಓಡಿಸುವುದನ್ನು ನಾನು ಯಾರಿಗೂ ಒಪ್ಪಲಾರೆ. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಕಾರನ್ನು ಊರಿನಲ್ಲೇ ಬಿಟ್ಟು ಹೋಗುವುದು ಸುಲಭವಾಗಿದೆ.

ಎಕ್ಸಿಕ್ಯುಟಿವ್ ಲೌಂಜಿನ ಕ್ರಮ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಹೋಟೆಲಿನ ಮೇಲಿನ ಮಹಡಿಯಲ್ಲಿ ಪ್ರತ್ಯೇಕವಾದ ಒಂದು ಹಜಾರ. ಕ್ಲಬ್ ದರ್ಜೆಯ ಕೋಣೆ ಹಿಡಿದವರಿಗೆ ಮತ್ತು ಹೋಟೆಲಿನ ಸದಸ್ಯತ್ವ ಯೋಜನೆಯಲ್ಲಿ ಮೇಲಿನ ಮೆಟ್ಟಿಲು ತಲುಪಿದವರಿಗೆ ಮಾತ್ರ ಪ್ರವೇಶ. ದಿನವಿಡೀ ಕಾಫಿ, ಚಹಾ. ಸಂಜೆ ಎರಡು ಗಂಟೆಗಳ ಕಾಲ ಮದ್ಯ ಮತ್ತು ಕುರುಕಲು. ಆ ಎರಡು ಗಂಟೆಗಳಲ್ಲಿ ಪೆಗ್ಗಿಗೆ ಬಿಲ್ ಇಲ್ಲ. ಈ ಒಂದು ವಾಕ್ಯವನ್ನು ನೋಡಿಯೇ ಹೆಚ್ಚಿನವರು ಕ್ಲಬ್ ಕೋಣೆ ಕಾದಿರಿಸುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ನಾನು ಉಳಿದ ಹೋಟೆಲಿನಲ್ಲಿ ಸಾಧಾರಣ ಕೋಣೆಗೆ 6,800 ರೂಪಾಯಿ, ಕ್ಲಬ್ ಕೋಣೆಗೆ 9,800 ರೂಪಾಯಿ. ಎರಡರಲ್ಲೂ ಬೆಳಗಿನ ತಿಂಡಿ ಸೇರಿತ್ತು. ಕೇವಲ 3,000 ರೂಪಾಯಿ ಹೆಚ್ಚು ಕೊಟ್ಟರೆ ಲೌಂಜ್ ನಿಮ್ಮದು ಎಂದು ಕಾದಿರಿಸುವಾಗ ತೋರಿಸಿದರು. ಆದರೆ ಕೋಣೆ ಖಾಲಿ ಮಾಡುವಾಗ ಕೈಗೆ ಬಂದ ಬಿಲ್ಲಿನಲ್ಲಿ ವ್ಯತ್ಯಾಸ 3,000 ಆಗಿರಲಿಲ್ಲ, 4,424 ಆಗಿತ್ತು. ಹೋಟೆಲಿನವರು ಕಾನೂನಿಗೆ ವಿರುದ್ಧವಾಗಿ ಏನೂ ಮಾಡಿಲ್ಲ. ನನ್ನ ದೂರು ಇಷ್ಟೇ: ಹೆಚ್ಚುವರಿ ದರವನ್ನು ತೋರಿಸುವ ಜಾಗದಲ್ಲಿಯೇ ಹೆಚ್ಚುವರಿ ತೆರಿಗೆಯನ್ನೂ ತೋರಿಸಬೇಕಾಗಿತ್ತು.

ಇದರ ಮೂಲ 7,500 ಎಂಬ ಗಡಿಯಲ್ಲಿದೆ. ಹೋಟೆಲ್ ಕೋಣೆಯ ದಿನದ ದರ 7,500 ರೂಪಾಯಿವರೆಗೆ ಇದ್ದರೆ ಶೇ 5ರಷ್ಟು ಜಿಎಸ್‌ಟಿ, ಅದನ್ನು ಮೀರಿದರೆ ಶೇ 18. ಹದಿನೆಂಟರ ದರ ಬೀಳುವುದು ಗಡಿ ದಾಟಿದ ಮೊತ್ತದ ಮೇಲೆ ಮಾತ್ರವಲ್ಲ, ಇಡೀ ಬಾಡಿಗೆಯ ಮೇಲೆ. ಆದಾಯ ತೆರಿಗೆಯ ಹಂತಗಳಿಗೆ ಒಗ್ಗಿಕೊಂಡ ನಮ್ಮ ಮನಸ್ಸಿಗೆ ಇದು ಥಟ್ಟನೆ ಹೊಳೆಯುವುದಿಲ್ಲ. 6,800ಕ್ಕೆ ಶೇ 5ರಂತೆ 340 ರೂಪಾಯಿ ಸೇರಿ 7,140 ಆದರೆ, 9,800ಕ್ಕೆ ಶೇ 18ರಂತೆ 1,764 ರೂಪಾಯಿ ಸೇರಿ 11,564 ಆಗುತ್ತದೆ. 3,000 ರೂಪಾಯಿಯ ಸೌಲಭ್ಯಕ್ಕೆ 1,424 ರೂಪಾಯಿ ಹೆಚ್ಚಿನ ತೆರಿಗೆ ಎಂದರೆ ಮೂಗಿಗಿಂತ ಮೂಗುತಿಯೇ ಭಾರವಾಗುವ ಹಾದಿಯಲ್ಲಿದೆ.

ಈ ಹೊರೆ 2025ರ ಸೆಪ್ಟೆಂಬರ್ 22ರ ನಂತರ ಇನ್ನೂ ಹೆಚ್ಚಾಗಿದೆ. ಅದಕ್ಕೆ ಮೊದಲು ಕೆಳಗಿನ ದರ್ಜೆಯ ಕೋಣೆಗಳಿಗೆ ಶೇ 12 ಇತ್ತು; ಅದು 5ಕ್ಕೆ ಇಳಿಯಿತು, 7,500ರ ಮೇಲಿನದು 18ರಲ್ಲಿಯೇ ಉಳಿಯಿತು. ಹಳೆಯ ದರದಲ್ಲಿ ಇದೇ ಎರಡು ಕೋಣೆಗಳ ನಡುವಿನ ಅಂತರ 3,948 ರೂಪಾಯಿ ಆಗುತ್ತಿತ್ತು. ಸಾಧಾರಣ ಕೋಣೆ ಅಗ್ಗವಾದದ್ದು ಒಳ್ಳೆಯದೇ, ಆದರೆ ಅದೇ ಕಾರಣಕ್ಕೆ ಲೌಂಜಿನ ಪೆಗ್ಗು ಹೋಲಿಕೆಯಲ್ಲಿ ದುಬಾರಿಯಾಯಿತು.

ಇದರಲ್ಲಿ ಇನ್ನೊಂದು ವಿಚಿತ್ರವೂ ಸೇರಿಕೊಂಡಿದೆ. ಕುಡಿಯುವ ಮದ್ಯ ಜಿಎಸ್‌ಟಿಯ ವ್ಯಾಪ್ತಿಯಲ್ಲಿಯೇ ಇಲ್ಲ. ಅದರ ಮೇಲಿನ ಅಬಕಾರಿ ಸುಂಕ ರಾಜ್ಯ ಸರ್ಕಾರದ್ದು, ಬಾಟಲಿ ಹೋಟೆಲಿಗೆ ಬರುವಷ್ಟರಲ್ಲಿಯೇ ಅದನ್ನು ಕಟ್ಟಿ ಆಗಿರುತ್ತದೆ. ಹಾಗಾಗಿ ಬಾರಿನಲ್ಲಿ ಕುಳಿತು ಒಂದು ಪೆಗ್ ತರಿಸಿದರೆ ಆ ಪೆಗ್ಗಿನ ಬೆಲೆಗೆ ಜಿಎಸ್‌ಟಿ ಸೇರುವುದಿಲ್ಲ. ಅದೇ ಪೆಗ್ಗು ಕೋಣೆಯ ಬಾಡಿಗೆಯೊಳಗೆ ಸೇರಿಕೊಂಡು ಬಂದಾಗ ಇಡೀ ಬಾಡಿಗೆಗೆ ಶೇ 18 ತೆರಿಗೆ. ವ್ಯಾಪಾರದ ಕೆಲಸಕ್ಕೆ ಉಳಿದವರು ತಮ್ಮ ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ಪಡೆದರೆ ಬೆಂಗಳೂರಿನ ಹೋಟೆಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು ಎಂಬುದು ನಿಜ. ಆದರೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಉಳಿದರೆ ತೆರಿಗೆ ಆಯಾ ರಾಜ್ಯದ ಲೆಕ್ಕಕ್ಕೆ ಹೋಗುವುದರಿಂದ, ತುಮಕೂರಿನ ನೋಂದಣಿಯಲ್ಲಿ ಅದು ಸಿಗುವುದಿಲ್ಲ. ಸ್ವಂತ ಕೆಲಸಕ್ಕೆ ಹೋದವರಿಗೆ ಎಲ್ಲಿಯೂ ಸಿಗದು.

ಇನ್ನು ಬಾರಿನ ಕಡೆಯ ಲೆಕ್ಕ. ನಾನು ಕುಡಿಯುವುದು ಅಮೃತ್ ಸಿಂಗಲ್ ಮಾಲ್ಟ್. ಬೆಂಗಳೂರಿನಲ್ಲಿಯೇ ತಯಾರಾಗಿ, 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಮೊದಲು ಮಾರಾಟಕ್ಕೆ ಬಂದ ಈ ವಿಸ್ಕಿಯ ಮೇಲೆ ನನಗೆ ಅಭಿಮಾನವಿದೆ. ಹೋಟೆಲಿನ ಬಾರಿನಲ್ಲಿ ಅದರ 30 ಮಿ.ಲೀ. ಪೆಗ್ಗಿಗೆ 650 ರೂಪಾಯಿ. ಎರಡು ಲಾರ್ಜ್ ಎಂದರೆ ನಾಲ್ಕು ಸಣ್ಣ ಪೆಗ್, 2,600 ರೂಪಾಯಿ. ಜೊತೆಗೆ 500 ರೂಪಾಯಿಯ ಒಂದು ಪ್ಲೇಟ್ ಕುರುಕಲು, ಅದಕ್ಕೆ ಶೇ 18ರ ಜಿಎಸ್‌ಟಿ ಸೇರಿ 590. ಒಟ್ಟು 3,190. ಲೌಂಜಿನ 4,424ಕ್ಕೆ ಹೋಲಿಸಿದರೆ 1,234 ರೂಪಾಯಿ ಉಳಿಯಿತು, ಅದೂ ನನಗೆ ಇಷ್ಟವಾದ ವಿಸ್ಕಿಯನ್ನೇ ಕುಡಿದು.

ಇಷ್ಟವಾದ ವಿಸ್ಕಿ ಎಂದು ಒತ್ತಿ ಹೇಳಲು ಕಾರಣವಿದೆ. ಲೌಂಜಿನಲ್ಲಿ ಸಿಂಗಲ್ ಮಾಲ್ಟ್ ಇರಲಿಲ್ಲ. ಅಲ್ಲಿ ಸುರಿಯುತ್ತಿದ್ದದ್ದು ಹೋಟೆಲ್ ಗೊತ್ತುಮಾಡಿದ ಒಂದೆರಡು ಬ್ರ್ಯಾಂಡ್. ಅದೇ ವಿಸ್ಕಿಗೆ ಕೆಳಗಿನ ಬಾರಿನಲ್ಲಿ 30 ಮಿ.ಲೀ.ಗೆ 450 ರೂಪಾಯಿ ಇತ್ತು. ಕುರುಕಲಿನ 590 ರೂಪಾಯಿಯನ್ನೂ ಲೌಂಜಿನ ಪರವಾಗಿ ಎಣಿಸಿ ಲೆಕ್ಕ ಹಾಕಿದರೆ, ಕೊಟ್ಟ 4,424 ರೂಪಾಯಿ ಗಿಟ್ಟಬೇಕಾದರೆ ಒಂಬತ್ತನೆಯ ಸಣ್ಣ ಪೆಗ್ಗಿನವರೆಗೆ ಹೋಗಬೇಕು. ಒಂಬತ್ತು ಪೆಗ್ಗೆಂದರೆ 270 ಮಿ.ಲೀ., ಒಂದೂವರೆ ಕ್ವಾರ್ಟರ್, ಅದೂ ಎರಡು ಗಂಟೆಯೊಳಗೆ. ಮರುದಿನ ಬೆಳಿಗ್ಗೆ ಖರೀದಿದಾರರ ಮುಂದೆ ಡ್ರಾಯಿಂಗ್ ಬಿಡಿಸಿ ಕೂರಬೇಕಾದ ಯಾರೂ ಹಾಗೆ ಕುಡಿಯಬಾರದು. ಕೊಟ್ಟ ಹಣ ಗಿಟ್ಟಿಸಿಕೊಳ್ಳಬೇಕೆಂಬ ಒತ್ತಡದಲ್ಲಿ ಮಿತಿ ಮೀರಿ ಕುಡಿಯುವವರನ್ನು ಆ ಹಜಾರದಲ್ಲಿ ಕಂಡಿದ್ದೇನೆ, ಮತ್ತು ಲೌಂಜಿನ ಬಗ್ಗೆ ನನಗಿರುವ ಗಟ್ಟಿಯಾದ ಆಕ್ಷೇಪ ಇದೇ.

ಲೌಂಜಿನ ವೇಳೆ ಸಂಜೆ 6ರಿಂದ 8. ನನ್ನ ಭೇಟಿಗಳು ಮುಗಿಯುವುದೇ ಏಳರ ಹೊತ್ತಿಗೆ, ಪೀಣ್ಯದಿಂದ ಎಂ.ಜಿ. ರಸ್ತೆಯ ಕಡೆಗೆ ಬಂದು, ಮುಖ ತೊಳೆದು ಮೇಲೆ ಹೋಗುವಾಗ ಏಳೂವರೆ ದಾಟಿರುತ್ತಿತ್ತು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಹುಡುಗ ಮೇಜಿನಿಂದ ಮೇಜಿಗೆ ಬಂದು ‘ಸರ್, ಲಾಸ್ಟ್ ಆರ್ಡರ್’ ಎನ್ನುತ್ತಾನೆ. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಗ್ಲಾಸು, ಅದೂ ಸ್ಟೀಲಿನ ಅಳತೆ ಬಟ್ಟಲಿನಲ್ಲಿ ಗೆರೆಗೆ ಸರಿಯಾಗಿ 30 ಮಿ.ಲೀ. ಅಳೆದು. ಎಂಟು ಹೊಡೆಯುತ್ತಲೇ ಬಾಟಲಿಗಳ ಸಾಲಿನ ಮೇಲೆ ಬಿಳಿ ಬಟ್ಟೆ ಬೀಳುತ್ತದೆ. ಆ ಹುಡುಗನದು ತಪ್ಪಲ್ಲ, ಅವನು ವಿನಯದಿಂದಲೇ ನಡೆದುಕೊಂಡ. ಆದರೆ ನಿಧಾನವಾಗಿ, ಒಂಬತ್ತರವರೆಗೆ ಒಂದೊಂದೇ ಗುಟುಕು ಕುಡಿಯುವ ನನ್ನಂಥವರಿಗೆ ಆ ವೇಳೆ ಹೊಂದುವುದಿಲ್ಲ. ಬಾರಿನಲ್ಲಿ ಈ ಗಡಿಬಿಡಿ ಇಲ್ಲ.

ಬಾರಿನ ಬಿಲ್ಲಿನಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಸರ್ವಿಸ್ ಚಾರ್ಜ್. ಅದನ್ನು ಕೇಳದೆಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನನ್ನ ಬಿಲ್ಲಿನಲ್ಲಿ ಸೇರಿಸಿದ್ದರು. ತೆಗೆಯಿರಿ ಎಂದ ಕೂಡಲೇ ತೆಗೆದರು.

ಮದ್ಯಕ್ಕೆ ಹಣ ಕೇಳುವ ಲೌಂಜುಗಳೂ ಇವೆ. ಪುಣೆಯ ಒಂದು ಹೋಟೆಲಿನಲ್ಲಿ ಲೌಂಜ್ ಪ್ರವೇಶ ಕೋಣೆಯ ದರದಲ್ಲಿಯೇ ಸೇರಿತ್ತು, ಕುರುಕಲೂ ಸೇರಿತ್ತು, ಮೊದಲ ಎರಡು ಗ್ಲಾಸಿಗೆ ಕೂಪನ್ ಕೊಟ್ಟರು, ಮೂರನೆಯದರಿಂದ ಬಾರಿನ ದರವನ್ನೇ ಹಾಕಿದರು. ಮೂರು ವ್ಯವಸ್ಥೆಗಳಲ್ಲಿ ಇದಕ್ಕೆ ನನ್ನ ಕೊನೆಯ ಸ್ಥಾನ. ಗುಜರಾತಿಗೆ ಹೋಗುವವರು ಲೌಂಜಿನ ಸಂಜೆಯಲ್ಲಿ ಹಣ್ಣಿನ ರಸವನ್ನಷ್ಟೇ ನಿರೀಕ್ಷಿಸುವುದು ಒಳ್ಳೆಯದು. 2016ರಿಂದ ಬಿಹಾರವೂ ಹಾಗೆಯೇ.

ಬಿ.ಎಚ್. ರಸ್ತೆಯ ವೈನ್ ಶಾಪಿನಿಂದ ಬಾಟಲಿ ಕೊಂಡೊಯ್ದು ಕೋಣೆಯಲ್ಲಿ ಕುಡಿದರೆ ಇವೆರಡಕ್ಕಿಂತ ಎಷ್ಟೋ ಅಗ್ಗ ಎಂದು ನಮ್ಮ ಊರಿನ ಗೆಳೆಯರು ಹೇಳುತ್ತಾರೆ. ಲೆಕ್ಕ ಸರಿಯೇ. ಸಿ.ಎಲ್.-2 ಎಂಬ ಚಿಲ್ಲರೆ ಮಾರಾಟದ ಪರವಾನಗಿಯ ಅಂಗಡಿಯಲ್ಲಾಗಲಿ ಸರ್ಕಾರಿ ಎಂಎಸ್‌ಐಎಲ್ ಮಳಿಗೆಯಲ್ಲಾಗಲಿ ಎಂಆರ್‌ಪಿಗೇ ಮಾರಬೇಕು, ಸಿ.ಎಲ್.-9ರ ಬಾರ್‌ಗಳಿಗೂ ಸಿ.ಎಲ್.-7ರ ಹೋಟೆಲುಗಳಿಗೂ ಆ ಕಟ್ಟು ಇಲ್ಲ. 750 ಮಿ.ಲೀ. ಬಾಟಲಿಯಲ್ಲಿ 25 ಸಣ್ಣ ಪೆಗ್ಗುಗಳಿರುತ್ತವೆ, ಆದ್ದರಿಂದ 2,500 ರೂಪಾಯಿಯ ಬಾಟಲಿ ಪೆಗ್ಗಿಗೆ ನೂರು ರೂಪಾಯಿ ಬೀಳುತ್ತದೆ. ಆದರೆ ಹೊರಗಿನ ಮದ್ಯವನ್ನು ಹಲವು ಹೋಟೆಲುಗಳು ಒಪ್ಪುವುದಿಲ್ಲ, ಮತ್ತು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕುಳಿತು ಕುಡಿಯುವುದು ನನ್ನ ಮನಸ್ಸಿಗೆ ಹಿಡಿಸುವುದಿಲ್ಲ. ನಾನು ಅದನ್ನು ಆರಿಸುವುದಿಲ್ಲ.

ಬಿಯರ್ ಕುಡಿಯುವವರಿಗೆ ಲೌಂಜ್ ಇನ್ನೂ ನಷ್ಟ. ಹೊಟ್ಟೆ ಹಿಡಿಯುವುದೇ ಕಡಿಮೆ.

ಒಣ ದಿನಗಳನ್ನು ಕ್ಯಾಲೆಂಡರಿನಲ್ಲಿ ನೋಡಿಕೊಂಡು ಕಾದಿರಿಸಬೇಕು. ಅಕ್ಟೋಬರ್ 2ರಂದು ಮದ್ಯವಿಲ್ಲ. ಚುನಾವಣೆಯಿದ್ದರೆ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆಗಳ ಕಾಲ ಇಲ್ಲ. ಅಂಥ ದಿನ ಬಾರನ್ನು ನೆಚ್ಚಿದವನು ಒಂದು ರೂಪಾಯಿಯನ್ನೂ ಕಳೆದುಕೊಳ್ಳುವುದಿಲ್ಲ. ಕ್ಲಬ್ ಕೋಣೆಯವನು ಮಾತ್ರ ಪೂರ್ತಿ ಬಾಡಿಗೆ ಕೊಟ್ಟು ನಿಂಬೆ ಷರಬತ್ತು ಕುಡಿಯಬೇಕು. ದರದಲ್ಲಿ ಏನಾದರೂ ಕಡಿತವಿದೆಯೇ ಎಂದು ನಾನು ಉಳಿದ ಹೋಟೆಲಿನಲ್ಲಿ ವಿಚಾರಿಸಿದೆ, ಇಲ್ಲ ಎಂದರು.

ಲೌಂಜ್ ಗಿಟ್ಟುವ ಸಂದರ್ಭಗಳೂ ಇವೆ. ಒಂದೇ ಕೋಣೆಯಲ್ಲಿ ಇಬ್ಬರು ಉಳಿದು, ಇಬ್ಬರೂ ಕುಡಿಯುವವರಾಗಿ, ಆರು ಗಂಟೆಗೇ ಹೋಟೆಲಿನಲ್ಲಿ ಇರಬಲ್ಲವರಾಗಿದ್ದರೆ ಅದೇ 4,424 ರೂಪಾಯಿ ಇಬ್ಬರಿಗೆ ಹಂಚಿಹೋಗುತ್ತದೆ. ಇಬ್ಬರೂ ಎರಡೆರಡು ಲಾರ್ಜ್ ತೆಗೆದುಕೊಂಡರೆ ಲೌಂಜಿನ ಬ್ರ್ಯಾಂಡಿನಲ್ಲೂ ಬಾರಿನ ಬಿಲ್ಲಿಗೆ ಸರಿಸಮ ಆಗುತ್ತದೆ. ಎರಡನೆಯವರಿಗೂ ಪ್ರವೇಶ ಉಂಟೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಬೇಕು. ಇನ್ನೊಂದು, ಕೋಣೆ ಹಿಡಿಯುವ ದಿನ ಕೌಂಟರಿನಲ್ಲಿ ಸಿಗುವ ಕೊಡುಗೆ. ಜನ ಕಡಿಮೆ ಇದ್ದ ದಿನ ನನಗೆ ಸಾಧಾರಣ ಕೋಣೆಯ ದರದ ಮೇಲೆ 1,500 ರೂಪಾಯಿ ಹೆಚ್ಚಿಗೆ ಪಡೆದು ಕ್ಲಬ್ ಕೋಣೆ ಕೊಡಲು ಮುಂದೆ ಬಂದಿದ್ದರು. 8,300ಕ್ಕೆ ಶೇ 18 ಸೇರಿಸಿದರೆ 9,794, ಅಂದರೆ ಸಾಧಾರಣ ಕೋಣೆಗಿಂತ 2,654 ಹೆಚ್ಚು. ಒಬ್ಬನೇ ಇದ್ದುದರಿಂದ ಬೇಡವೆಂದೆ. 700 ರೂಪಾಯಿಯೊಳಗೆ ಕೊಟ್ಟಿದ್ದರೆ ಬಾಡಿಗೆ 7,500ರ ಗಡಿ ದಾಟುತ್ತಿರಲಿಲ್ಲ, ತೆರಿಗೆ ಶೇ 5ರಲ್ಲಿಯೇ ನಿಲ್ಲುತ್ತಿತ್ತು, ಒಟ್ಟು ಹೆಚ್ಚಳ ಹೆಚ್ಚೆಂದರೆ 735 ರೂಪಾಯಿ ಆಗುತ್ತಿತ್ತು. ಆ ದರಕ್ಕೆ ಸಿಕ್ಕಿದರೆ ಏಳೂವರೆಗೆ ಹೋಗಿ ಒಂದೆರಡು ಪೆಗ್ ಕುಡಿದರೂ ನಷ್ಟವಿಲ್ಲವೆಂದು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ.